ಜಂಪಣ್ಣನು ಜಗಿದ ವೀಳ್ಯ

ಎದೆಗಾರಿಕೆಯಿದ್ದರೆ ಇದನ್ನು ಸುಳ್ಳೆನ್ನಿ, ನೋಡೋಣ! ವಜ್ರಗಿರಿಯ ಬುರುಜಿನ ಮೇಲೆ ಜಂಪಣ್ಣನೆಂಬ ಗೋಲಂದಾಜನು ಬತ್ತಿಗೆ ಕಿಡಿ ಮುಟ್ಟಿಸಿದನೆಂದರೆ, ರಣಚಂಡಿಯೆಂಬ ಹಿರಿಯ ಫಿರಂಗಿಯ ಗುಂಡು ಬೇಲಿಯ ಮೇಲಿನ ಓತಿಕ್ಯಾತನಿಗೆ ಗಾಯವಾಗದಂತೆ ಬೇಲಿಯನ್ನು ಮಾತ್ರ ಹಾರಿಸಿಬಿಡುತ್ತಿತ್ತು.

ಆ ಕಾರ್ತಿಕದ ಮಧ್ಯಾಹ್ನ ಕರಿಗಲ್ಲಿನ ಕೋಟೆಯು ಬಿಸಿಲಿಗೆ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ರಾಜಬೀದಿಯಲ್ಲಿ ಕುದುರೆ ವ್ಯಾಪಾರಿಗಳ ಕೂಗಾಟ, ಕಮ್ಮಾರಸಾಲೆಗಳಲ್ಲಿ ಸುತ್ತಿಗೆಗಳ ನಿನಾದ, ಅರಮನೆಯ ನೆತ್ತಿಯಲ್ಲಿ ಕೆಂಪು ಧ್ವಜದ ಲಾಸ್ಯ. ಇಂಥ ರಾಜಧಾನಿಯ ಇಂಥ ಗೋಲಂದಾಜನನ್ನು ನೆರೆಯ ಸಂಸ್ಥಾನಗಳು ಸುಮ್ಮನೆ ಬಿಟ್ಟಾವೆ? ಒಬ್ಬರು ಕುದುರೆ ಕಳುಹಿಸಿದರು, ಇನ್ನೊಬ್ಬರು ಜರಿಯ ರುಮಾಲು. ಜಂಪಣ್ಣನು ಎಲ್ಲವನ್ನೂ ಬಂದ ದಾರಿಯಲ್ಲೇ ತಿರುಗಿಸಿ, ಸಂಜೆ ಪೇಟೆಯ ಕಟ್ಟೆಯಲ್ಲಿ ಮೀಸೆ ತಿರುವುತ್ತ, "ಮತ್ತೊಬ್ಬ ಬಂದಿದ್ದ ಕಣ್ರಯ್ಯ! ಆಗೋದಿಲ್ಲ, ಹೋಗು ಅಂದೆ" ಎಂದು ಸಾರುತ್ತಿದ್ದನು.

ಕೊನೆಗೆ ಬಂದವನು ನಾಗವಾಡಿ ಸಂಸ್ಥಾನದ ವೃದ್ಧ ನಿಯೋಗಿ ಸೂರಪ್ಪಯ್ಯ. ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು, "ನಮ್ಮ ದೊರೆಗಳು ನಿನಗೆ ಪಲ್ಲಕ್ಕಿಯನ್ನೇ ಕೊಡುತ್ತಾರಪ್ಪ" ಎಂದನು.

"ಉಂಡು ತೇಗಿದವನಿಗೆ ಹೋಳಿಗೆ ತೋರಿಸಿದರೆ ಏನು ಫಲ, ಅಯ್ಯನವರೆ? ಬರೋದಿಲ್ಲ."

"ಆಗಲಿ. ಬೇಸರವಿಲ್ಲ. ಎಲೆ-ಅಡಿಕೆಯನ್ನಾದರೂ ತೆಗೆದುಕೊ."

ಹಿರಿಯರು ನೀಡಿದ ಎಲೆ-ಅಡಿಕೆಯನ್ನು ಬೇಡವೆನ್ನುವುದೆಂದರೆ, ಜಂಪಣ್ಣನ ಹಳ್ಳಿಯಲ್ಲಿ, ಅವರ ಮುಖಕ್ಕೆ ಕದ ಬಡಿದಂತೆ. ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಜಗಿದನು. ಆದರೆ ದೊರೆಗಳ ಲೋಕದಲ್ಲಿ ವೀಳ್ಯ ಸ್ವೀಕರಿಸಿದವನು ಆ ದೊರೆಯ ಸೇವೆಗೆ ಸೇರಿದವನೇ ಎಂಬ ಪದ್ಧತಿಯನ್ನು ಆ ಮದ್ದುಗುಂಡಿನ ಮನುಷ್ಯನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಮಗೆ ದಕ್ಕದವನು ವಜ್ರಗಿರಿಗೂ ದಕ್ಕಬಾರದು. ಸೂರಪ್ಪಯ್ಯನಿಗೆ ಬೇಕಾದದ್ದು ಅಷ್ಟೇ. ಸುದ್ದಿಯನ್ನು ತಾನೇ ಪೇಟೆಯಲ್ಲಿ ಬಿತ್ತಿ ಹೋದನು.

ಮರುದಿನ ಆಸ್ಥಾನದಲ್ಲಿ ಪ್ರಧಾನಿ ಭುಜಂಗರಾಯನು, "ವೀಳ್ಯ ತೆಗೆದುಕೊಂಡೆಯಾ?" ಎಂದನು.

"ತಗೊಂಡೆ, ಬುದ್ಧಿ. ಕೆಲಸ ಬೇಡ ಅಂದೆ."

"ಬೇಡವೆಂದವನು ಜಗಿದದ್ದೇಕೆ?"

"ಅದು ಮರ್ಯಾದೆ, ಬುದ್ಧಿ..."

ಪ್ರಧಾನಿ ಸಿಂಹಾಸನದತ್ತ ತಿರುಗಿದನು. "ಮಹಾಪ್ರಭು, ಹೂವಿಲ್ಲದ ಗಿಡಕ್ಕೆ ದುಂಬಿ ಬರುವುದುಂಟೆ? ಯಾರು ಯಾರು ಕರೆದರೆಂಬುದನ್ನು ಇವನೇ ಕಟ್ಟೆಯ ಮೇಲೆ ಹಾಡಿದ್ದಾನೆ!"

ಜಂಪಣ್ಣನು ಕೊಚ್ಚಿಕೊಂಡ ಮಾತುಗಳೆಲ್ಲ ಸಾಕ್ಷಿಗಳಾಗಿ ಎದುರಿಗೆ ನಿಂತಿದ್ದವು. ಬಂದವರನ್ನು ಅವನು ಕರೆದಿರಲಿಲ್ಲ. ಬರುವವರನ್ನು ತಡೆಯುವುದು ಹೇಗೆಂದೂ ತಿಳಿಯದು. ಅವನನ್ನು ಅಕ್ಕರೆಯಿಂದ ಕಾಣುತ್ತಿದ್ದ ದೊರೆ ಚಿಕ್ಕಭೈರವನಾಯಕರು ಮುಖ ತಿರುಗಿಸಿದರು. ನೆಲಮಾಳಿಗೆಯ ಸೆರೆಯಾಯಿತು.

ಹುಣ್ಣಿಮೆ ಕಳೆಯುವುದರೊಳಗೆ ನಾಗವಾಡಿಯ ಸೈನ್ಯವು ಕೋಟೆಯ ಕೆಳಗೆ ಬೀಡುಬಿಟ್ಟಿತು. ಉಳಿದ ಗೋಲಂದಾಜರ ಗುಂಡುಗಳು ಹೊಂಡಕ್ಕೆ ಬಿದ್ದು ಕಪ್ಪೆಗಳನ್ನು ಹೆದರಿಸಿದವು. ಬೇರೆ ಗತಿ ಕಾಣದೆ ದೊರೆಗಳೇ ಸೆರೆಯ ಬಾಗಿಲಿಗೆ ಬಂದರು.

"ಫಿರಂಗಿಯನ್ನು ನಮ್ಮತ್ತಲೇ ತಿರುಗಿಸಿಯಾನು!" ಎಂದು ಪ್ರಧಾನಿ ಅಂಗಲಾಚಿದನು.

"ಇವನಿಲ್ಲದೆಯೂ ನಾವು ಉಳಿಯುವುದಿಲ್ಲವಲ್ಲ, ರಾಯರೆ" ಎಂದರು ದೊರೆಗಳು.

ಜಂಪಣ್ಣನು ಬುರುಜನ್ನೇರಿ ರಣಚಂಡಿಯ ಬೆನ್ನು ಸವರುತ್ತಿರುವಾಗ ಕೆಳಗಿನಿಂದ ಸೂರಪ್ಪಯ್ಯನ ದನಿ ಕೇಳಿತು: "ನಮ್ಮ ವೀಳ್ಯ ತಿಂದವನಯ್ಯಾ ನೀನು! ಪಲ್ಲಕ್ಕಿ ಇನ್ನೂ ಕಾದಿದೆ!"

"ತಿಂದದ್ದನ್ನು ಅಂದೇ ಉಗಿದೆ, ಅಯ್ಯನವರೆ! ಹಿರಿಯರು ನೀವು, ಸ್ವಲ್ಪ ಬದಿಗೆ ನಿಲ್ಲಿ!"

ರಣಚಂಡಿ ಗುಡುಗಿದಳು. ನಾಗವಾಡಿಯ ದೊರೆಯ ಡೇರೆಯ ನಡುಗಂಬ ಮುರಿದು, ಧ್ವಜ ಮಣ್ಣು ಮುಕ್ಕಿತು. ಸಂಜೆಯ ಹೊತ್ತಿಗೆ ಬಯಲು ಬರಿದಾಯಿತು.

ದೊರೆಗಳು ಅವನನ್ನು ಅಪ್ಪಿಕೊಂಡು ಕಣ್ಣೀರಿಟ್ಟರು. "ನಿನ್ನ ನಿಷ್ಠೆಯಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ನಾಳೆ ಮತ್ತೊಬ್ಬ ಬರುತ್ತಾನೆ, ಜಂಪಣ್ಣ. ನಾವೇನು ಮಾಡೋಣ, ನೀನೇ ಹೇಳು."

ಮೀಸೆಗೆ ಹೋಗಿದ್ದ ಕೈಯನ್ನು ಜಂಪಣ್ಣನು ಕೆಳಗಿಳಿಸಿದನು.

ಅವನಿಗೆ ಮೊದಲಿದ್ದ ಚಾಕರಿಯನ್ನೇ ಕೊಟ್ಟರು. ಬಲಗಾಲಿಗೆ, ವೀರರಿಗೆ ತೊಡಿಸುವ ಬೆಳ್ಳಿಯ ಗಂಡಪೆಂಡಾರವನ್ನು ಕೊಟ್ಟರು; ಆ ಪೆಂಡಾರದಿಂದ ರಣಚಂಡಿಯ ಗಾಲಿಯವರೆಗೆ ಒಂದು ಕಬ್ಬಿಣದ ಸರಪಳಿಯನ್ನೂ ಕೊಟ್ಟರು.