ಸೋಮವಾರ ಮೇಯ್ದ ಬ್ಯಾಟರಿ

“ಬಾಯಾರ, ಇದು ನನ್ನ ಬ್ಯಾಟರಿ ಅಲ್ಲ!”

ಬೈಲಹೊಂಗಲ ಠಾಣೆಯ ಮೇಜಿನ ಮೇಲೆ ಕರಿ ಪೆಟ್ಟಿಗೆಯೊಂದು ಧಪ್ಪನೆ ಬಂದು ಕುಳಿತಿತು. ಹೊತ್ತು ತಂದವಳು ಉಗರಗೋಳದ ಭಾಗೀರಥಿ. ಯಲ್ಲಮ್ಮನ ಗುಡ್ಡದ ಖಾನಾವಳಿಗಳಿಗೆ ದಿನಾಲೂ ಕರೆಂಟಿನ ಬೈಕಿನ ಮೇಲೆ ಜೋಳದ ರೊಟ್ಟಿ ಮುಟ್ಟಿಸುವವಳು. ಮೈತುಂಬ ಬೆವರು, ಕಣ್ತುಂಬ ಸಿಟ್ಟು.

ಪಿಎಸ್‌ಐ ಪ್ರಿಯಂವದಾ ಮನಸ್ಸಿನಲ್ಲೇ ಹಣೆ ಬಡಿದುಕೊಂಡಳು. ಅವಳ ತಮ್ಮ ಅನಿಕೇತ ಧಾರವಾಡದ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಮೇಷ್ಟ್ರು. ಹಿಂದಿನ ದಿನವಷ್ಟೇ ಅವನಿಗೆ ಯಾವುದೋ ಸಮ್ಮೇಳನದಲ್ಲಿ ಶಾಲು ಹೊದಿಸಿದ್ದರು. ಆ ಫೋಟೋವನ್ನು ತಾಯಿ ಮಥುರಾಬಾಯಿ ಬೆಳಗ್ಗೆಯಿಂದ ಎರಡು ಸಲ ಕಳಿಸಿದ್ದಳು. ಅವನಿಗೆ ಶಾಲು, ನನಗೆ ಬ್ಯಾಟರಿ ಪೆಟ್ಟಿಗೆ ಎಂದು ಪ್ರಿಯಂವದಾಳ ಹೊಟ್ಟೆ ಉರಿಯಿತು.

“ನಿಮ್ದಲ್ಲಂತ ಹೆಂಗ ಹೇಳ್ತೀರಿ?”

“ಮುತ್ತಪ್ಪನ ಗ್ಯಾರೇಜಿನ್ಯಾಗ ಸರ್ವೀಸಿಗೆ ಬಿಟ್ಟಿದ್ನಿ. ತಗೊಂಡು ಊರಿಗೆ ಹೊಂಟ್ನಿ. ಅರ್ಧ ದಾರಿ ಸೈತ ಆಗಿರಲಿಲ್ಲ, ಗಾಡಿ ನಿಂತಬಿಡ್ತು. ನೋಡಿದ್ರ ಚಾರ್ಜ್ ತೋರ್ಸೂ ಕಾಟಾ ಅರ್ಧಕ್ಕಿಂತ ಮ್ಯಾಲ ಐತಿ! ನನ್ನ ಗಾಡಿ ಎಂದೂ ಹಿಂಗ ಕೈ ಕೊಟ್ಟಿಲ್ರಿ. ಟೆಂಪೋದಾಗ ಹಾಕ್ಕೊಂಡು ಹೊಳ್ಳಿ ಬಂದೇನಿ.”

“ಇದರ ನಂಬರ್?”

“ಅದನ್ನ ನೋಡ್ರಿ ಮತ್ತ.”

ನಂಬರಿನ ಚೀಟಿ ಇದ್ದ ಜಾಗವನ್ನು ಯಾರೋ ಚೂಪಾದುದರಿಂದ ಕೆರೆದು ಹಾಕಿದ್ದರು. ಅದರ ಮೇಲ್ಗಡೆ ವಿಭೂತಿಯ ಮೂರು ಗೆರೆ.

“ಇದೇನಿದು?”

“ನಮ್ಮ ಮಾವಾರು ಸೋಮವಾರಕ್ಕೊಮ್ಮೆ ಹಚ್ಚತಾರ. ಆದ್ರ ಇದು ಅವರ ಕೈ ಅಲ್ರಿ. ಅವರ ಗೆರಿ ಹೊಲದ ಬದುವಿನಂಗ ದಪ್ಪ ಇರ್ತಾವು.”

ಪ್ರಿಯಂವದಾ ಬಗ್ಗಿ ನೋಡಿದಳು. ಸಪೂರ ಬೆರಳಿನ ಗೆರೆಗಳು, ಹಾಲಿನಷ್ಟು ಬಿಳಿ. ಅದಲುಬದಲಾಗಿದ್ದರೆ ವಿಭೂತಿ ಯಾಕೆ ಹಚ್ಚುತ್ತಿದ್ದರು? ಇದು ಕಣ್ತಪ್ಪಿನ ಕೆಲಸವಲ್ಲ, ಕಳ್ಳತನ. ಅವಳು ಟೋಪಿ ಎತ್ತಿಕೊಂಡಳು.

*

ಮುತ್ತಪ್ಪನ ಗ್ಯಾರೇಜಿನ ಮುಂದೆ ಆಗಲೇ ಜನ ನೆರೆದಿದ್ದರು. ಸುದ್ದಿಗೆ ಕಾಲಿಲ್ಲದಿದ್ದರೂ ಓಟಕ್ಕೇನು ಕಮ್ಮಿಯಿಲ್ಲ. ಒಬ್ಬ ರಿಪೇರಿಯಾಗದ ತನ್ನ ಬೈಕನ್ನೇ ತಳ್ಳಿಕೊಂಡು ಹೋಗುತ್ತಿದ್ದ.

“ಹೆಸರು ಹೋದ್ರ ಅಂಗಡಿ ಹೋತು, ಬಾಯಾರ,” ಎಂದ ಮುತ್ತಪ್ಪ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. “ಕಳ್ಳನ ಕೈಯಾಗ ಯಾರು ಗಾಡಿ ಕೊಡ್ತಾರ? ಇವತ್ತ ಇದು ಬಗಿಹರೀಲಿಲ್ಲಂದ್ರ ನಾ ಈ ಊರಾಗ ಬದುಕೂದಿಲ್ಲ.”

“ಅಳೂದು ಆಮ್ಯಾಲ. ಇಂಥ ಗಾಡಿ ಇವತ್ತ ಎಷ್ಟು ಬಂದಿದ್ವು?”

“ಮೂರು. ಭಾಗೀರಥಿ ಅಕ್ಕಾಂದು, ಅವರಕ್ಕ ದೇಗಾಂವದ ಅನ್ನಪೂರ್ಣಾ ಅವರ್ದು, ಕಟಕೋಳದ ಹಾಲಿನ ಮಹಾಂತಪ್ಪಂದು. ಮೂರೂ ಒಂದ ಕಂಪನಿ. ಗಾಡಿ ತೊಳಿಯಾಕಂತ ಬ್ಯಾಟರಿ ತಗದು ಸಾಲಾಗಿ ಇಟ್ಟಿದ್ನಿ.”

“ನೀವು ಎಲ್ಲಿದ್ರಿ?”

“ಒಳಗ ಊಟ ಮಾಡಾಕ ಹತ್ತಿದ್ನಿ. ಅಕ್ಕತಂಗೇರ ತವರಮನಿ ಇದ ಓಣ್ಯಾಗ ಐತಿ. ಅನ್ನಪೂರ್ಣಕ್ಕ ನನಗ ಬುತ್ತಿ ತಂದು ಕೊಟ್ಟು ಹೋದ್ಳು. ಮಹಾಂತಪ್ಪನೂ ಇಲ್ಲೇ ಸುಳದಾಡಾಕ ಹತ್ತಿದ್ದ.”

ಪ್ರಿಯಂವದಾ ಅವನ ಕೈ ಹಿಡಿದು ತಿರುವಿ ನೋಡಿದಳು. ಬಾಳೆಕಾಯಿಯಂಥ ಬೆರಳು. ಉಗುರಿನ ಸಂದಿಯವರೆಗೂ ಕರಿ ಎಣ್ಣೆ. ಈ ಕೈ ಮುಟ್ಟಿದ್ದರೆ ವಿಭೂತಿ ಬೆಳ್ಳಗೆ ಉಳಿಯುತ್ತಿರಲಿಲ್ಲ ಎಂದುಕೊಂಡಳು. ಆದರೆ ಹೊರಗೆ ನಿಂತ ಜನಕ್ಕೆ ಅಷ್ಟು ಸಾಕಾಗುವುದಿಲ್ಲ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ದೇಗಾಂವದಿಂದ ಅನ್ನಪೂರ್ಣಾ.

“ಬಾಯಾರ, ನನ್ನ ಬ್ಯಾಟರಿ ನಂಬರೂ ಕೆರದಾರ್ರಿ! ಆ ಮುತ್ತಪ್ಪನ್ನ ಒದ್ದು ಒಳಗ ಹಾಕ್ರಿ. ನನ್ನ ತಂಗಿ ಹೊಟ್ಟಿಮ್ಯಾಲ ಹೊಡದಾನವ!”

*

ಮರುದಿನ ಕಟಕೋಳ. ಪೊಲೀಸ್ ಜೀಪು ಕಂಡದ್ದೇ ತಡ, ಮಹಾಂತಪ್ಪ ಬೈಕನ್ನು ದನದ ಕೊಟ್ಟಿಗೆಗೆ ನೂಕಿ ಬಾಗಿಲಿಗೆ ಅಡ್ಡ ನಿಂತ.

“ಬ್ಯಾಟರಿ ತೋರ್ಸು.”

“ಯಾಕ್ರಿ? ನಾ ಏನೂ ಮಾಡಿಲ್ಲ. ನಾ ಆ ಕಡೆ ಹೋಗೇ ಇಲ್ಲ!”

“ಯಾವ ಕಡೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಪ್ರಿಯಂವದಾ ಬಾಗಿಲು ತಳ್ಳಿದಳು. ಇವನ ಬ್ಯಾಟರಿಯ ನಂಬರೂ ಕೆರೆದಿತ್ತು. ಪಕ್ಕದಲ್ಲಿ ಉದ್ದನೆಯ ವೈರಿನ ಸುರುಳಿ. ಅದರ ಜಾಡು ಹಿಡಿದು ಹೋದರೆ ಪಂಚಾಯ್ತಿಯ ನೀರಿನ ಪಂಪಿನ ಕೋಣೆ. ಮಹಾಶಯ ಊರಿನ ಕರೆಂಟಿನಲ್ಲಿ ತನ್ನ ಗಾಡಿಗೆ ಮೇವು ಹಾಕುತ್ತಿದ್ದ.

“ಕಾಲಿಗೆ ಬೀಳತೇನಿ, ಪಂಚಾಯ್ತಿಗೆ ಹೇಳಬ್ಯಾಡ್ರಿ,” ಎಂದು ಅಳತೊಡಗಿದ. ಭಾಗೀರಥಿಯ ಹೆಸರು ಹೇಳಿದರೆ ಬಾಯಿ ಬಾಯಿ ಬಿಟ್ಟ. ಪಂಪು ನಿಲ್ಲಿಸಿದಾಗೆಲ್ಲ ಚಾರ್ಜೂ ನಿಲ್ಲುತ್ತದೆ, ತನ್ನ ಗಾಡಿ ಮೊದಲಿನಿಂದಲೂ ಅಷ್ಟಕ್ಕಷ್ಟೇ ಎಂದ. ಇವನು ಕಳ್ಳ ಹೌದು. ಆದರೆ ಬೇರೆ ಕಳ್ಳ.

ಅಲ್ಲಿಂದ ದೇಗಾಂವ. ಅನ್ನಪೂರ್ಣಾ ಚಹಾ, ಚೂಡಾ ಇಟ್ಟು ಉಪಚಾರ ಮಾಡಿದಳು. ಅವಳೂ ರೊಟ್ಟಿಯವಳೇ. ಕಿತ್ತೂರಿನ ಖಾನಾವಳಿಗಳಿಗೆ ಅವಳದೇ ರೊಟ್ಟಿ.

“ಗಾಡಿ ಇಬ್ಬರಿಗೂ ನಮ್ಮವ್ವ ಕೊಡಿಸಿದ್ದರಿ. ಒಂದ ದಿವ್ಸ, ಒಂದ ನಮೂನಿ. ಎರಡು ಕಣ್ಣಿಗೆ ಒಂದ ಕಾಡಿಗಿ ಅಂತಾಳ.” ನಕ್ಕಳು. ಗೋಡೆಯ ಮೇಲೆ ತಾಯಿ ಶಟ್ಟೆವ್ವನ ಆಚೀಚೆ ಇಬ್ಬರು ಮಕ್ಕಳು ನಿಂತ ಫೋಟೋ ಇತ್ತು. ಅದನ್ನು ನೋಡುತ್ತ ಅನ್ನಪೂರ್ಣಾ ಮೆಲ್ಲಗೆ, “ಕೈ ಮಾತ್ರ ತಂಗಿ ಹೆಗಲ ಮ್ಯಾಲ ಐತಿ,” ಎಂದಳು.

ಪ್ರಿಯಂವದಾ ಫೋಟೋದಿಂದ ಕಣ್ಣು ತೆಗೆದಳು. ತನ್ನ ಮನೆಯ ಫೋಟೋದಲ್ಲೂ ಅವ್ವನ ಕೈ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು.

“ಚಾರ್ಜ್ ಯಾವಾಗ ಮಾಡ್ತೀರಿ?”

“ಬೆಳಕು ಹರಿಯೂಕಿಂತ ಮುಂಚೆ ಹಚ್ಚತೇನಿ. ದಿನಾ ಮುಂಜಾನೆ ತಂಗಿ ಫೋನ್ ಮಾಡ್ತಾಳ, ‘ಅಕ್ಕಾ, ನಾ ಹೊಂಟ್ನಿ’ ಅಂತ. ಆಕಿ ಹೊಂಟ್ಳಂದ್ರ ನಾ ಮನ್ಯಾಗ ಕುಂದ್ರಲೇನ್ರಿ? ಪ್ಲಗ್ ಕಿತ್ತು ಹೊಂಟ ಬಿಡತೇನಿ. ಆ ಹಸರ ದೀಪ ಹತ್ತೂತನಾ ಯಾರು ಕಾಯಬೇಕು?”

“ತಂಗಿ ಕಾಯ್ತಾಳೇನು?”

“ಆಕೀನೂ ಅವಸರದಾಕೀನ. ಅವರ ಮನ್ಯಾಗ ಸೋಮವಾರ ಮಾತ್ರ ಗಾಡಿ ಹೊರಗ ತಗಿಯೂದಿಲ್ಲ, ಪ್ಲಗ್ಗಿಗೆ ಹಚ್ಚಿ ಬಿಟ್ಟಿರ್ತಾರ. ಮುದುಕಂದು ಹುಚ್ಚು.”

*

ಆ ರಾತ್ರಿ ಊಟದ ಹೊತ್ತಿಗೆ ಪ್ರಿಯಂವದಾ ಸೋತಳು. ಮೂರು ಬ್ಯಾಟರಿ, ಮೂರಕ್ಕೂ ನಂಬರಿಲ್ಲ, ಒಬ್ಬಳು ನನ್ನದಲ್ಲ ಎನ್ನುವವಳು, ಉಳಿದಿಬ್ಬರು ನನ್ನದು ನನ್ನದು ಎನ್ನುವವರು. ಬೇಡ ಬೇಡವೆಂದರೂ ಬೆರಳು ತಮ್ಮನ ನಂಬರು ಒತ್ತಿತು.

“ಅಕ್ಕಾ, ನಮ್ಮನಿ ಶ್ರಾದ್ಧದ ಪಂಕ್ತಿ ನೆನಪದನಾ?” ಎಂದ ಅನಿಕೇತ, ಎಲ್ಲ ಕೇಳಿಯಾದ ಮೇಲೆ.

“ನಾ ಬ್ಯಾಟರಿ ಕೇಳಿದ್ರ ನೀ ಶ್ರಾದ್ಧ ಹೇಳ್ತಿ.”

“ಕೇಳು. ಪಂಕ್ತಿಯೊಳಗ ಒಬ್ಬ ಎದ್ದನಂದ್ರ ಎಲ್ಲಾರದೂ ಊಟ ಮುಗೀತು. ಆ ಪೆಟ್ಟಿಗಿಯೊಳಗೂ ಸಾಲಾಗಿ ಸಣ್ಣ ಸಣ್ಣ ಸೆಲ್ ಇರ್ತಾವ. ಚಾರ್ಜ್ ಮಾಡೋವಾಗ ಒಂದರ ಹೊಟ್ಟಿ ತುಂಬಿತಂದ್ರ ಎಲ್ಲಾದಕ್ಕೂ ಬಡಸೋದು ಬಂದ್. ಹಸದದ್ದು ಹಸದೇ ಉಳೀತದ. ಗಾಡಿ ಓಡೋವಾಗ ಆ ಹಸದದ್ದು ಮೊದಲು ಸುಸ್ತಾಗಿ ಏಳ್ತದ. ಉಳದವು ಗಟ್ಟಿ ಇದ್ರೂ ಗಾಡಿ ನಿಲ್ತದ.”

“ಕಾಟಾ ಅರ್ಧ ತೋರ್ಸಿದ್ರೂ?”

“ತೋರ್ಸಿದ್ರೂ. ಅದಕ್ಕಂತ ಒಳಗೊಂದು ಸರ್ಕ್ಯೂಟ್ ಇರ್ತದ. ತುಂಬಿದ ಸೆಲ್ಲಿಂದ ಚೂರು ಚೂರು ಕರಗಿಸಿ ಹಸದದ್ದಕ್ಕ ಬಡಸಲಿಕ್ಕೆ ಅವಕಾಶ ಮಾಡ್ತದ. ಬ್ಯಾಲೆನ್ಸಿಂಗ್ ಅಂತಾರ. ಆದ್ರ ಅದು ನಡಿಯೋದು ಚಾರ್ಜ್ ಮುಗಿಯೋ ಹೊತ್ತಿಗೆ, ಅದೂ ಭಾಳ ನಿಧಾನ. ಅವಸರದಾಗ ಪ್ಲಗ್ ಕೀಳೋರ ಬ್ಯಾಟರಿಗೆ ಆ ಭಾಗ್ಯ ಇಲ್ಲ.”

ಪ್ರಿಯಂವದಾಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

“ವಾರಕ್ಕೊಂದು ದಿನ, ದಿನವಿಡೀ ಪ್ಲಗ್ಗಿಗೆ ಹಚ್ಚಿ ಬಿಟ್ರ?”

“ಅದರ ಸೆಲ್ ಎಲ್ಲಾ ಸಮ ಇರ್ತಾವ. ಬಾಚಿದ ಕೂದಲಿನಂಗ.”

“ಅಂದ್ರ ಬ್ಯಾಟರಿ ಒಳಗ ನೋಡಿದ್ರ ಅದು ಯಾರ ಮನ್ಯಾಗ ಬೆಳದದ್ದಂತ ಗೊತ್ತಾಗ್ತದ!”

“ಇದು ನನಗ ಹೊಳೀಲಿಲ್ಲ ನೋಡು. ಆದ್ರ ಆ ಕೆಟ್ಟ ಬ್ಯಾಟರಿ ಯಾರೂ ಚಾರ್ಜಿಗೆ ಹಚ್ಚಬಾರದು. ಹಚ್ಚಿದ್ರ ಪುರಾವೆ ಕರಗಲಿಕ್ಕೆ ಶುರು.”

ಶನಿವಾರ ಬೆಳಗ್ಗೆ ಪ್ರಿಯಂವದಾ ಮೂರೂ ಬ್ಯಾಟರಿಗಳನ್ನು ಜಪ್ತಿ ಮಾಡಿದಳು. ಉಗರಗೋಳದಲ್ಲಿ, ಭಾಗೀರಥಿ ಠಾಣೆಯಿಂದ ವಾಪಸು ಒಯ್ದು ಚಾರ್ಜಿಗೆ ಹಚ್ಚದೆ ಇಟ್ಟಿದ್ದ ಪೆಟ್ಟಿಗೆ ಎತ್ತುವಾಗ, ಅವಳ ಮಾವ ಅಮೋಘಸಿದ್ದಪ್ಪ ಕೋಲು ಕುಟ್ಟಿ ಜಗಳಕ್ಕೆ ನಿಂತ.

“ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ, ಬಾಯಾರ. ಬಸವಣ್ಣನ ವಾರ. ಎತ್ತಿಗೊಂದು ನ್ಯಾಯ, ಗಾಡಿಗೊಂದು ನ್ಯಾಯ ಏನು? ಅದಕ್ಕೂ ದುಡಿದು ದಣಿವಾಗಿರ್ತೈತಿ. ದಿನಪೂರ್ತಿ ಮೇಯಾಕ ಬಿಡತೇವಿ. ಈ ಸೋಮವಾರ ಉಪಾಸ ಕೆಡವತೀರೇನು?”

“ಇದು ನಿಮ್ಮ ಎತ್ತಲ್ಲ, ಅಜ್ಜಾರ. ನಿಮ್ಮದನ್ನ ತಂದು ಕೊಡತೇನಿ,” ಎಂದಳು ಪ್ರಿಯಂವದಾ.

*

ಭಾನುವಾರ ಬೈಲಹೊಂಗಲದಲ್ಲಿ ಶಟ್ಟೆವ್ವನ ಮನೆಯ ಪಡಸಾಲೆ. ಮೂರು ಬ್ಯಾಟರಿ ನೆಲದ ಮೇಲೆ. ಸುತ್ತ ಅಕ್ಕತಂಗಿಯರು, ಮಹಾಂತಪ್ಪ, ಮೂಲೆಯಲ್ಲಿ ತಲೆ ತಗ್ಗಿಸಿದ ಮುತ್ತಪ್ಪ. ಬಾಗಿಲಲ್ಲಿ ಅರ್ಧ ಓಣಿಯೇ ಇಣುಕುತ್ತಿತ್ತು. ಅನಿಕೇತ ಒಂದೊಂದಕ್ಕೂ ಸಣ್ಣ ಯಂತ್ರ ಜೋಡಿಸಿದ. ಅವನ ಫೋನಿನ ಪರದೆಯಲ್ಲಿ ಒಳಗಿನ ಸೆಲ್ಲುಗಳೆಲ್ಲ ಕಂಬಗಳಾಗಿ ಎದ್ದವು.

“ಇದು ಮಹಾಂತಪ್ಪಂದು. ಏರುಪೇರು. ಪಂಪು ನಿಂತಾಗೆಲ್ಲ ಚಾರ್ಜ್ ನಿಂತ್ರ ಹಿಂಗೇ ಆಗ್ತದ,” ಎಂದಳು ಪ್ರಿಯಂವದಾ. ಮಹಾಂತಪ್ಪ ನೆಲ ನೋಡಿದ.

“ಇದು ಭಾಗೀರಥಿ ಗಾಡಿಯೊಳಗಿದ್ದದ್ದು. ನೋಡ್ರಿ, ಒಂದು ಕಂಬ ಪೂರಾ ಕೆಳಗ. ತಿಂಗಳಾನುಗಟ್ಟಲೆ ಹಸದದ್ದು. ಸೋಮವಾರಕ್ಕೊಮ್ಮೆ ದಿನವಿಡೀ ಚಾರ್ಜ್ ಮಾಡೋ ಮನಿ ಬ್ಯಾಟರಿ ಹಿಂಗ ಇರೂದಿಲ್ಲ.” ಮೂರನೆಯದರ ಕಡೆ ತಿರುಗಿದಳು. “ಇದು ಅನ್ನಪೂರ್ಣಾ ಅವರ ಗಾಡಿಯೊಳಗಿದ್ದದ್ದು.”

ಪರದೆಯಲ್ಲಿ ಕಂಬಗಳೆಲ್ಲ ಒಂದೇ ಎತ್ತರ. ಬಾಚಿದ ಕೂದಲು.

“ಹಸರ ದೀಪ ಹತ್ತೂತನಾ ಯಾರು ಕಾಯಬೇಕು ಅಂದ್ರಿ. ಕಾಯದವರ ಬ್ಯಾಟರಿ ಇಷ್ಟು ಸಮ ಹೆಂಗಾತು?”

“ಈಗ... ಈಗ ಎರಡು ದಿವ್ಸ ಪೂರ್ತಿ ಹಚ್ಚಿದ್ನಿ.”

“ತಿಂಗಳಗಟ್ಟಲೆ ಕೆಟ್ಟದ್ದು ಎರಡು ದಿನಕ್ಕ ಇಷ್ಟು ನೆಟ್ಟಗಾಗೂದಿಲ್ರಿ,” ಎಂದ ಅನಿಕೇತ.

“ಬುತ್ತಿ ಕೊಡೋ ನೆವದಾಗ ಹೋದ್ರಿ,” ಪ್ರಿಯಂವದಾಳ ದನಿ ಗಟ್ಟಿಯಾಯಿತು. “ಮುತ್ತಪ್ಪ ಒಳಗ ಉಣ್ಣೂವಾಗ ಮೂರರದೂ ನಂಬರ್ ಕೆರದ್ರಿ. ತಂಗಿ ಬ್ಯಾಟರಿ ವಿಭೂತಿ ಒರಸಿ, ಅವ್ವನ ದೇವರ ಜಗಲಿ ಮ್ಯಾಲಿನ ವಿಭೂತಿ ನಿಮ್ಮದಕ್ಕ ಹಚ್ಚಿ, ಆಕಿ ಗಾಡಿ ಹತ್ರ ಇಟ್ರಿ. ಮುತ್ತಪ್ಪ ಹಚ್ಚಿದ್ರ ಎಣ್ಣಿ ಮೆತ್ತತಿತ್ತು. ಮಹಾಂತಪ್ಪ ಕದ್ದಿದ್ರ ಚಲೋ ಬ್ಯಾಟರಿ ಅವನ ಮನ್ಯಾಗ ಇರತಿತ್ತು.”

ಅನ್ನಪೂರ್ಣಾ ಒಮ್ಮೆಲೆ ಸಿಡಿದಳು.

“ಹೌದು, ನಾನ ತಗೊಂಡೇನಿ! ಆಕಿ ಗಾಡಿ ಗುಡ್ಡಾ ಏರಿ ಇಳಿದು ಸವದತ್ತಿ ಕಂಡು ಬರ್ತಿತ್ತು. ನಂದು ಕಿತ್ತೂರಿಗೆ ಹೋಗಿ ಬರೂದ್ರಾಗ ಏದುಸಿರು ಬಿಡ್ತಿತ್ತು. ಯಾಕ? ಅವ್ವ ಚಲೋದು ನೋಡಿ ಆಕಿಗೆ ಕೊಟ್ಟಾಳ! ಸಣ್ಣಾಕಿದ್ದಾಗಿಂದ ಹಿಂಗ. ಗಟ್ಟಿ ಮೊಸರು ಆಕಿಗೆ, ಮಜ್ಜಿಗಿ ನನಗ!”

ಶಟ್ಟೆವ್ವ ಕಂಬಕ್ಕೆ ಕೈಯೂರಿ ನಿಂತಿದ್ದಳು. ಹಿರಿಮಗಳ ಮುಂದೆ ಬಂದಳು.

“ಅನಪೂರ್ಣಾ, ಶೋರೂಮಿನ್ಯಾಗ ಎರಡೂ ಗಾಡಿ ಮುಂದ ನಿಲ್ಲಿಸಿದಾಗ ನಾ ಏನಂದ್ನಿ? ‘ಹಿರೇಕಿ, ಮೊದಲ ನೀ ಆರಿಸು’ ಅಂದಿರಲಿಲ್ಲೇನ? ನೀನ ಎರಡೂ ಸುತ್ತಿ ನೋಡಿ ಒಂದು ಹಿಡದಿ. ನೀ ಬಿಟ್ಟದ್ದು ಆಕಿಗೆ ಹೋತು.”

ಅನ್ನಪೂರ್ಣಾ ಮೂರನೆಯ ಬ್ಯಾಟರಿಯ ಕಡೆ ನೋಡಿದಳು. ತಾನು ಬೇಡವೆಂದು ಬಿಟ್ಟದ್ದನ್ನೇ ತಾನು ಕದ್ದಿದ್ದಳು.

“ಬ್ಯಾಟರಿ ಎರಡೂ ಚಲೋನ ಇದ್ವು,” ಎಂದಳು ಪ್ರಿಯಂವದಾ, ಈಗ ಮೆಲ್ಲಗೆ. “ತಂಗಿ ಹೊಂಟ್ಳಂತ ಹೊಟ್ಟಿಕಿಚ್ಚಿಗೆ ದಿನಾ ಪ್ಲಗ್ ಕಿತ್ರಿ. ನಿಮ್ಮದನ್ನ ಕೆಡಿಸಿದಾಕಿ ನೀವ.”

ಭಾಗೀರಥಿ ಕಣ್ಣೊರೆಸಿಕೊಂಡಳು. “ಬಾಯಾರ, ಆ ಚಲೋದು ಅಕ್ಕನ ಹತ್ರನ ಇರಲಿ. ಕೆಟ್ಟದ್ದನ್ನ ನಾ ಒಯ್ತೇನಿ. ನಮ್ಮ ಮಾವ ಒಂದಿಷ್ಟು ಸೋಮವಾರ ಮೇಯಿಸಿದ್ರ ಸರಿ ಹೋಗತೈತಿ.”

ಬಾಗಿಲಲ್ಲಿದ್ದ ಹೆಂಗಸರು ಲೊಚಗುಟ್ಟಿದರು. ಎಂಥಾ ಮನಸ್ಸು, ಎಂಥಾ ತಂಗಿ!

“ಬ್ಯಾಡ!” ಅನ್ನಪೂರ್ಣಾ ಕಿರುಚಿದಳು. “ಇದರಾಗೂ ನೀನ ದೊಡ್ಡಾಕಿ ಆಗಬ್ಯಾಡ! ನಂದು ನನಗ ಕೊಡ್ರಿ.” ತನ್ನ ಹಳೆಯ ಬ್ಯಾಟರಿಯ ಮುಂದೆ ಕುಕ್ಕರಿಸಿದಳು. ಅದರ ಮೇಲೆ ತಾನೇ ಎಳೆದ ಗೆರೆಗಳನ್ನು ಸೆರಗಿನಿಂದ ಒರೆಸಲು ಹೋಗಿ, ಕೈ ಹಿಂದೆ ತೆಗೆದಳು. ಆಮೇಲೆ ಅನಿಕೇತನ ಕಡೆ ನೋಡದೆ ಕೇಳಿದಳು: “ದಿನಪೂರ್ತಿ ಹಚ್ಚಿ ಬಿಡಬೇಕೇನ್ರಿ?”

“ಬ್ಯಾಟರಿ ಈಗ ಕೋರ್ಟಿನ ಸ್ವತ್ತು,” ಎಂದಳು ಪ್ರಿಯಂವದಾ. “ರಾಜಿ ಆಗೂದಿದ್ರ ಅಲ್ಲೇ ಆಗ್ರಿ. ಅದಕ್ಕಿಂತ ಮೊದಲು ಮುತ್ತಪ್ಪನ ಅಂಗಡಿಗೆ ನಡೀರಿ. ಓಣಿ ಎಲ್ಲಾ ಕೇಳೂ ಹಂಗ ಹೇಳ್ರಿ, ಕದ್ದಾಕಿ ನಾನು ಅಂತ.”

ಅನ್ನಪೂರ್ಣಾ ಹೇಳಿದಳು. ಗಟ್ಟಿಯಾಗಿಯೇ ಹೇಳಿದಳು. ಸಂಜೆಯೊಳಗೆ ಬೈಕು ತಳ್ಳಿಕೊಂಡು ಹೋಗಿದ್ದ ಆಸಾಮಿ ಅದನ್ನು ಮತ್ತೆ ತಳ್ಳಿಕೊಂಡು ಬಂದ. ಮುತ್ತಪ್ಪ ನಟ್ಟು ತಿರುವುವ ಪಾನಾ ಎತ್ತಿಕೊಂಡ.

*

ಠಾಣೆಗೆ ಮರಳಿ ಕುಳಿತಿದ್ದೇ ತಡ, ಮಥುರಾಬಾಯಿಯ ಫೋನು.

“ಅನಿಕೇತ ಕಳ್ಳತನ ಪತ್ತೆ ಹಚ್ಚಿದನಂತ? ಜಾಣ ನನ್ನ ಮಗ!”

ಪ್ರಿಯಂವದಾ ಹಲ್ಲು ಕಚ್ಚಿದಳು. ಕಣ್ಣ ಮುಂದೆ ದೇಗಾಂವದ ಫೋಟೋ ಬಂತು. “ಹೌದವ್ವಾ, ಅವನಿಲ್ಲದಿದ್ರ ಆಗ್ತಿದ್ದಿಲ್ಲ,” ಎಂದಳು. ಪಕ್ಕದ ಕುರ್ಚಿಯಲ್ಲಿ ಅನಿಕೇತ ಚಹಾ ಕುಡಿಯುತ್ತಿದ್ದ.

“ಸುಳ್ಳು ಯಾಕ ಹೇಳ್ತಿ ಅಕ್ಕಾ?” ಎಂದ. “ಸೋಮವಾರದ ಗುಟ್ಟು ಹೊಳದದ್ದು ನಿನಗ. ನಾ ಬರೇ ವೈರ್ ಜೋಡಿಸಿದೆ. ಅವ್ವಗ ನಾ ಹೇಳಲೇನು?”

ಅಕ್ಕ ತಮ್ಮನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಫೋನನ್ನು ಮೇಜಿನ ನಡುವೆ ಇಟ್ಟಳು.

“ಹೇಳು,” ಎಂದಳು. “ಸ್ಪೀಕರ್ ಮ್ಯಾಲ ಹಾಕೀನಿ. ಸಾವಕಾಶ ಹೇಳು, ಅವಸರ ಮಾಡಬ್ಯಾಡ.”