ಅಗಲ ಚೈನಿನ ಹಳೇ ಬುಲ್ಡೋಜರ್

"ಮೂರು... ನಾಕು... ಐದು! ಲೇ ಜಕ್ಕ್ಯಾ, ಐದು ಗೇಣು ಅಗಲ ಐತಿ ನೋಡಲೇ!"

ಹಳೇ ಬುಲ್ಡೋಜರಿನ ಚೈನಿನ ಮೇಲೆ ಗೇಣು ಹಾಕುತ್ತ ಶೇವಂತಿ ಕೂಗಿದಳು. ಚೈನು ಅಂದರೆ ಸೈಕಲ್ ಚೈನಲ್ಲ ಮತ್ತೆ! ದಪ್ಪ ದಪ್ಪ ಕಬ್ಬಿಣದ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಚೈನು. ಬುಲ್ಡೋಜರಿಗೆ ಅದೇ ಕಾಲು.

ಚಿಮ್ಮಡ ಊರಿನ ಹೊರಗೆ ಕಾಲುವೆ ತೋಡಲು ಎರಡು ಬುಲ್ಡೋಜರ್ ಬಂದಿದ್ದವು. ಒಂದು ಹೊಚ್ಚ ಹೊಸದು, ಹಳದಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಇನ್ನೊಂದು ತುಕ್ಕು ಹಿಡಿದ ಮುದುಕ. ಭಾನುವಾರ ಬೇರೆ, ಐದನೇ ಕ್ಲಾಸಿನ ಅರ್ಧ ಮಕ್ಕಳು ಅಲ್ಲೇ ಇದ್ದರು.

ಜಕ್ಕಪ್ಪ ಹೊಸ ಗಾಡಿಯ ಚೈನು ಅಳೆದ. "ಇದು ಮೂರ ಗೇಣು. ಆದ್ರ ಇದರ ಹಲ್ಲು ನೋಡು, ಹೆಂಗ ಎದ್ದು ನಿಂತಾವು! ನೆಲಾ ಗಟ್ಟಿಯಾಗಿ ಹಿಡೀತೈತಿ. ಹೊಲಾ ಮೊದಲ ದಾಟೂದು ಇದ!"

ಕಾಲುವೆಯ ಜಾಗಕ್ಕೆ ಹೋಗಬೇಕಾದರೆ ನಡುವೆ ಒಂದು ಎರೆಹೊಲ. ಹಿಂದಿನ ದಿನ ಮಳೆ ಬಂದು ಆ ಕಪ್ಪು ಮಣ್ಣು ಅಂಬಲಿಯ ಹಾಗೆ ಆಗಿತ್ತು.

"ಹಳೇದ ದಾಟತೈತಿ," ಅಂದಳು ಶೇವಂತಿ.

"ಹುಚ್ಚಿ! ಎರಿ ಮಣ್ಣು ನಿನಗ ಗೊತ್ತಿಲ್ಲೇನು? ಅಗಲ ಚಪ್ಪಲಿ ಹಾಕ್ಕೊಂಡು ಹೊಕ್ರ ಗಡಿಗಿಯಷ್ಟು ಮಣ್ಣು ಹತ್ತತೈತಿ. ಅಗಲ ಇದ್ದಷ್ಟೂ ಭಾಳ ಹತ್ತತೈತಿ. ನಿನ್ನ ಹಲಗಿಗಾಲಿಗೆ ಹತ್ತಿದಂಗ!"

ಹುಡುಗರೆಲ್ಲ ಹೋ ಎಂದು ನಕ್ಕರು. ಶೇವಂತಿಯ ಮುಖ ಬಿಸಿಯಾಯಿತು. ಅವಳ ಪಾದ ಅಗಲ, ಅದೇನೂ ಸುಳ್ಳಲ್ಲ. ಬನಹಟ್ಟಿಯ ಅಂಗಡಿಯವನು ಅವಳಿಗೆ ದೊಡ್ಡ ಗಂಡುಹುಡುಗರ ಚಪ್ಪಲಿ ಕೊಟ್ಟಾಗ ಈ ಜಕ್ಕಪ್ಪ ಅಲ್ಲೇ ನಿಂತಿದ್ದ, ಹಾಳಾದವನು! ಮರುದಿನವೇ ಇಡೀ ಶಾಲೆಗೆ ಅವಳು 'ಹಲಗಿಗಾಲ ಶೇವಂತಿ' ಆದಳು. ಅಂದಿನಿಂದ ಪ್ರಾರ್ಥನೆಗೆ ನಿಂತಾಗಲೆಲ್ಲ ಲಂಗ ಕೆಳಗೆಳೆದು ಪಾದ ಮುಚ್ಚಿಕೊಳ್ಳುತ್ತಿದ್ದಳು.

"ಪಣ ಕಟ್ಟತೀ ಏನಲೇ?" ಅಂದಳು. "ಹೊಸಾದು ಮೊದಲ ದಾಟಿದ್ರ ನಾಳೆ ಪ್ರಾರ್ಥನಿ ಮುಗದ ಮ್ಯಾಲ ನಾ ಹಲಗಿಗಾಲ ಶೇವಂತಿ ಅಂತ ನಾನ ಒದರತೇನಿ. ಹಳೇದು ದಾಟಿದ್ರ ನೀ ಕಡ್ಡಿಗಾಲ ಜಕ್ಕ್ಯಾ ಅಂತ ಒದರಬೇಕು!"

ಜಕ್ಕಪ್ಪನ ಕಾಲು ಖರೇನೇ ಕಡ್ಡಿಯಂತಿದ್ದವು. ಅವನು ಒಮ್ಮೆ ತನ್ನ ಕಾಲು ನೋಡಿಕೊಂಡ. "ಆತು!" ಅಂದ.

ಹಳೇ ಗಾಡಿಯ ಡ್ರೈವರ್ ಗಿರಿಮಲ್ಲಪ್ಪ ಬೀಡಿ ಸೇದುತ್ತ ಇದನ್ನೆಲ್ಲ ಕೇಳುತ್ತಿದ್ದ. "ಅಲ್ಲವ್ವಾ, ಹಳೇದ ದಾಟತೈತಿ ಅಂತ ನಿನಗ ಹೆಂಗ ಗೊತ್ತು?"

"ನಮ್ಮ ಮಣ್ಣಿನ ಮಾಳಗಿ ಸೋರಿದ್ರ ನಮ್ಮ ಆಯಿ ಮ್ಯಾಲ ಹತ್ತಿ ಸೀದಾ ಕಾಲಿಡೂದಿಲ್ರಿ. ಮೊದಲ ಹಲಗಿ ಹಾಸತಾಳ. ಹಲಗಿ ಮ್ಯಾಲ ನಿಂತ್ರ ಹಸಿ ಮಣ್ಣಾಗ ಕಾಲು ಇಳಿಯೂದಿಲ್ರಿ."

ಗಿರಿಮಲ್ಲಪ್ಪ ಮೀಸೆಯಲ್ಲೇ ನಕ್ಕ.

ಅಷ್ಟರಲ್ಲಿ ಹೊಸ ಗಾಡಿ ಗುಡುಗಿತು. ಡ್ರೈವರ್ ಪರಸಪ್ಪ ಅದನ್ನು ಠೀವಿಯಿಂದ ಹೊಲಕ್ಕೆ ಇಳಿಸಿದ. "ಹೊಡೀರಿ ಕಾಕಾ!" ಎಂದು ಜಕ್ಕಪ್ಪ ಜಿಗಿದಾಡಿದ.

ಹತ್ತು ಮಾರು ಹೋಯಿತು. ಇಪ್ಪತ್ತು ಮಾರು. ಆಮೇಲೆ ಚೈನು ಗರಗರ ತಿರುಗಿತೇ ಹೊರತು ಗಾಡಿ ಮುಂದೆ ಸರಿಯಲಿಲ್ಲ. ಆ ಚೂಪು ಹಲ್ಲುಗಳು ಮಣ್ಣನ್ನು ಬಗೆದು ಬಗೆದು ಹಿಂದಕ್ಕೆ ಎಸೆದವು. ಪರಸಪ್ಪ ಜೋರು ಮಾಡಿದಷ್ಟೂ ಗಾಡಿ ಒಳಗೆ ಇಳಿಯಿತು. ಕೊನೆಗೆ ಹೊಟ್ಟೆಯೇ ನೆಲಕ್ಕೆ ಹತ್ತಿತು.

"ಸಿಕ್ಕೊಂಡ್ತೋ!" ಎಂದು ಮಕ್ಕಳು ಕಿರುಚಿದರು.

ಈಗ ಮುದುಕನ ಸರದಿ. ಗಿರಿಮಲ್ಲಪ್ಪನ ಗಾಡಿ ಕೆಮ್ಮುತ್ತ, ಹೊಗೆ ಉಗುಳುತ್ತ ಹೊಲಕ್ಕಿಳಿಯಿತು. ಮಣ್ಣು ಹತ್ತಿತು, ಹತ್ತದೇ ಏನು! ಆದರೆ ಗಾಡಿ ಕೆಸರಿನೊಳಗೆ ಹೂತುಕೊಳ್ಳಲಿಲ್ಲ. ಶೇವಂತಿ ಬದುವಿನ ಮೇಲೆ ಅದರ ಜೊತೆಗೇ ಓಡಿದಳು. ಗಾಡಿ ಹೊಲ ದಾಟಿ ಆಚೆ ದಡ ಹತ್ತಿತು!

"ಗೆದ್ದೆ! ಗೆದ್ದೆ!"

ಕೂಲಿಯವರು ಎರಡೂ ಗಾಡಿಗೆ ತಂತಿಹಗ್ಗ ಬಿಗಿದರು. "ದೂರ ಸರೀರಿ! ಹಗ್ಗ ಹರದ್ರ ತಲಿ ಹೋಗತೈತಿ!" ಎಂದು ಗಿರಿಮಲ್ಲಪ್ಪ ಗದರಿಸಿದ. ಮುದುಕ ಎಳೆದ. ಫಳಫಳ ಹೊಳೆಯುತ್ತಿದ್ದ ಹೊಸ ಗಾಡಿ ಕೆಸರು ಮೆತ್ತಿಕೊಂಡು ಹೊರಬಂತು.

"ನಾಳೆ ಪ್ರಾರ್ಥನಿ ಮುಗದ ಮ್ಯಾಲ, ನೆನಪಿರಲಿ!" ಅಂದಳು ಶೇವಂತಿ.

ಹೊಲದಾಚೆ ಬರೀ ಕಲ್ಲುನೆಲ. ಅಲ್ಲಿ ಗಿರಿಮಲ್ಲಪ್ಪ ಗಾಡಿಯನ್ನು ಬದಿಗೆ ತಂದು ಬಂದ್ ಮಾಡಿದ.

"ಯಾಕ ನಿಂತ್ರಿ ಕಾಕಾ? ಹೋಗ್ರಿ ಮುಂದ!" ಅಂದಳು ಶೇವಂತಿ.

"ಇನ್ನ ಮುಂದಿಂದು ಇದರ ಕೆಲಸ ಅಲ್ಲವ್ವಾ. ಅಗಲ ಪಟ್ಟಿ ನೋಡು, ಒಂದ ತುದಿ ಕಲ್ಲಿನ ಮ್ಯಾಲ ಇದ್ರ ಇನ್ನೊಂದು ಗಾಳ್ಯಾಗ ಇರತೈತಿ. ಇಷ್ಟು ಭಾರಕ್ಕ ಬಾಗತೈತಿ, ಬೋಲ್ಟ್ ಕಡೀತಾವು. ಈಗ ನೋಡು ಅವನ ಆಟ."

ಹೊಸ ಗಾಡಿ ಮುಂದೆ ಬಂತು. ಹಲ್ಲು ಕಲ್ಲಿಗೆ ಕರಕರ ಕಚ್ಚಿದವು. ಅದು ಸರಸರನೆ ದಿಬ್ಬ ಏರಿ, ಬಂಡೆಗಳನ್ನು ದಡದಡ ಉರುಳಿಸಿತು. ಜಕ್ಕಪ್ಪ ಸೋತದ್ದನ್ನೂ ಮರೆತು ಚಪ್ಪಾಳೆ ತಟ್ಟಿದ. "ಹೊಡೀರಿ! ಹೊಡೀರಿ!" ಎಂದು ಯಾರೋ ಕೂಗುತ್ತಿದ್ದರು. ನೋಡಿದರೆ, ಕೂಗುತ್ತಿದ್ದವಳು ಶೇವಂತಿಯೇ!

ಮರುದಿನ ಪ್ರಾರ್ಥನೆ ಮುಗಿಯಿತು. ಮಾಸ್ತರರು ಹಾಜರಿ ಪುಸ್ತಕ ತರಲು ಒಳಗೆ ಹೋದರು. ಜಕ್ಕಪ್ಪ ಮಾತಿಗೆ ತಪ್ಪುವ ಹುಡುಗನಲ್ಲ. ಸಾಲು ಬಿಟ್ಟು ಮುಂದೆ ಬಂದು ನಿಂತ. ಚಡ್ಡಿ ಕೆಳಗೆಳೆದು ಆ ಸಣ್ಣ ಕಾಲು ಮುಚ್ಚಿಕೊಳ್ಳಲು ನೋಡಿದ.

"ನಾನು... ನಾನು..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಶೇವಂತಿಗೆ ಚೆನ್ನಾಗಿ ಗೊತ್ತಿತ್ತು.

"ಲೇ ಜಕ್ಕ್ಯಾ!" ಎಂದು ಕೂಗಿದಳು. "ಆ ಹೊಸಾ ಗಾಡಿ ಕಲ್ಲು ಹೆಂಗ ಏರಿತು, ಎಲ್ಲಾರಿಗೂ ಹೇಳಲೇ!"

ಜಕ್ಕಪ್ಪ ಕಣ್ಣು ಪಿಳುಕಿಸಿದ. ಆಮೇಲೆ ಬಾಯಿ ಬಿಟ್ಟ ನೋಡಿ! ಹಲ್ಲು, ಬಂಡೆ, ದಿಬ್ಬ, ಎಲ್ಲ ಕೈ ಮಾಡಿ ಮಾಡಿ ಹೇಳಿದ. ಕೊನೆಗೆ ಉಸಿರು ತೆಗೆದುಕೊಂಡು, "ಆದ್ರ ಎರಿಯಾಗ ಅದು ಹೊಟ್ಟಿ ಮಟಾ ಸಿಕ್ಕೊಂಡಿತ್ತು. ಎಳದದ್ದು ಅಗಲ ಚೈನಿಂದು. ಶೇವಂತಿ ಮೊದಲ ಹೇಳಿದ್ಲು!" ಅಂದ.

ಎಲ್ಲರೂ ಅವಳ ಕಡೆ ತಿರುಗಿದರು. ಶೇವಂತಿ ಹಾಗೇ ನಿಂತಿದ್ದಳು. ಲಂಗ ಕೆಳಗೆಳೆದುಕೊಳ್ಳುವುದು ಅವಳಿಗೆ ನೆನಪೇ ಆಗಲಿಲ್ಲ.