ಹತ್ತು ಸೆಕೆಂಡಿನ ಬಾಲ

"ಈ ಗಿಟಾರ್ ಬಾರಿಸಿದ ಮಹಾನುಭಾವ ಯಾರು? ಅವನ ಕೈಗೆ ಮೊದಲು ಬೇಡಿ ಹಾಕ್ಸಿ."

ಹತ್ತು ಜನ ಕೂರುವ ಪ್ರಿವ್ಯೂ ಕೋಣೆಯಲ್ಲಿ ಇದ್ದವರು ಮೂವರೇ. ಮಾತಾಡಿದವನು ಚಿತ್ರದ ಸಂಗೀತ ನಿರ್ದೇಶಕ. ಒಂದು ಕಾಲದಲ್ಲಿ ರಾಕ್ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದವನು, ಊರೆಲ್ಲ ಅವನನ್ನು ಗುಡುಗು ಎಂದೇ ಕರೆಯುತ್ತಿತ್ತು. ಈಗ ಐವತ್ತನಾಲ್ಕು. ಭುಜದವರೆಗಿನ ಕೂದಲು ನರೆತಿದೆ, ಜಂಬ ಮಾತ್ರ ಇನ್ನೂ ಕರ್ರಗಿದೆ.

ಎರಡು ಸೀಟು ಆಚೆ ಕೂತಿದ್ದ ಎಡಿಟರ್ ಹಲ್ಲು ಕಚ್ಚಿದಳು. ಅವಳಿಗೆ ಕತ್ತರಿ ಎಂದು ಹೆಸರಿಟ್ಟವನು ಇದೇ ಗುಡುಗು, ಮೂವತ್ತು ವರ್ಷದ ಹಿಂದೆ. ಈಗ ಬೇಡಿ ಹಾಕಿಸಬೇಕೆಂದ ಆ ಕೈಯೂ ಅವನದೇ.

ಎಡಿಟಿಂಗಿನಲ್ಲಿ ಒಂದು ರೂಢಿಯಿದೆ. ಚಿತ್ರದ ಸಂಗೀತ ಸಿದ್ಧವಾಗುವ ತನಕ ಯಾವುದಾದರೂ ಹಳೆಯ ಸಂಗೀತವನ್ನು ದೃಶ್ಯದ ಕೆಳಗೆ ಹಾಸಿ, ಅದರ ಲಯಕ್ಕೆ ಕತ್ತರಿಸುತ್ತಾರೆ. ಅದಕ್ಕೆ ಟೆಂಪ್ ಟ್ರ್ಯಾಕ್ ಎನ್ನುತ್ತಾರೆ. ಕತ್ತರಿ ತನ್ನ ಟ್ರಂಕಿನಿಂದ ಒಂದು ಕ್ಯಾಸೆಟ್ ತೆಗೆದು, ಅವನು ಇಪ್ಪತ್ತಾರರ ವಯಸ್ಸಿನಲ್ಲಿ ಅವಳ ಬಾಡಿಗೆ ಕೋಣೆಯಲ್ಲಿ ಕೂತು ಬಾರಿಸಿದ್ದನ್ನೇ ಅಲ್ಲಿ ಹಾಸಿದ್ದಳು. ಹುಚ್ಚು ಎನ್ನಿ, ಹಟ ಎನ್ನಿ. ಗುರುತಿಸಿದರೆ, ಇಬ್ಬರೂ ಪ್ರೀತಿಸಿದ್ದ ಆ ಮೂರು ವರ್ಷ ಅವನೊಳಗೂ ಉಳಿದಿದೆ ಎಂದು ಲೆಕ್ಕ. ಗುರುತಿಸದಿದ್ದರೆ ಆ ಪ್ರೀತಿಯಲ್ಲಿ ಬದುಕಿದ್ದವಳು ತಾನೊಬ್ಬಳೇ.

ಅವನು ಗುರುತಿಸಲಿಲ್ಲ.

ಚಿತ್ರವಾದರೂ ಎಂಥದ್ದು! ಒಬ್ಬ ಮುದಿ ರಾಕ್ ಗಾಯಕ. ಹಳೆಯ ಹಾಡೊಂದನ್ನು ಹಾಡಿದಾಗಲೆಲ್ಲ ಅವನಿಗೆ ಒಂದು ವರ್ಷ ವಯಸ್ಸು ಕಡಿಮೆಯಾಗುತ್ತದೆ, ಜೊತೆಗೆ ಆ ವರ್ಷದ ನೆನಪೂ ಅಳಿಸಿಹೋಗುತ್ತದೆ. ಕೊನೆಯ ದೃಶ್ಯದಲ್ಲಿ ಇಪ್ಪತ್ತೈದರ ಹುಡುಗನಾಗಿ ಸ್ಟೇಜ್ ಮೇಲೆ ನಿಂತಿದ್ದಾನೆ. ಮುಂದಿನ ಸಾಲಿನಲ್ಲಿ ಕೂತ ನರೆಗೂದಲ ಹೆಂಡತಿ ಯಾರೆಂದು ಅವನಿಗೆ ತಿಳಿಯುವುದಿಲ್ಲ.

"ಸರ್, ನಂಗೆ ಆ ಗಿಟಾರ್ ತುಂಬಾ ಇಷ್ಟ," ಎಂದಳು ಡೈರೆಕ್ಟರ್. ಮೂವತ್ತು ದಾಟದ ಹುಡುಗಿ, ಇಬ್ಬರಿಗೂ ಸಮಾನವಾಗಿ ಹೆದರುತ್ತಿದ್ದಳು. "ನೀವು ಮಾಡೋದ್ರಲ್ಲೂ ಅದೇ ಸ್ಪೀಡ್, ಅದೇ ಬೆಂಕಿ ಬೇಕು."

"ಬೆಂಕಿ ಅಲ್ಲಮ್ಮ ಅದು, ಬರೀ ಹೊಗೆ. ಯಾವನೋ ಹುಡುಗನ ಜಂಬ."

"ಜಂಬದ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಬಿಡಿ," ಎಂದಳು ಕತ್ತರಿ.

ಅವನು ಕನ್ನಡಕದ ಮೇಲಿಂದ ನೋಡಿದ. ಆ ನೋಟ ಅವಳ ಕಿವಿಯೋಲೆಯ ಮೇಲೆ ಒಂದು ಗಳಿಗೆ ನಿಂತು, ಕೆನ್ನೆಗೆ ಇಳಿದು, ಕಳ್ಳನಂತೆ ಪರದೆಯ ಕಡೆಗೆ ಓಡಿತು. ಅವಳಿಗೆ ಕಿವಿ ಬಿಸಿಯಾಯಿತು. ಕೋಪಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು.

ಆ ಸಂಜೆ ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆಮೇಲಿನ ಐದು ದಿನ ಇಬ್ಬರೂ ಎಣ್ಣೆ ಸೀಗೆಕಾಯಿ. ಅವನು ಮೂರು ಸಲ ಸಂಗೀತ ಕಳಿಸಿದ. ಮೂರೂ ನಿಧಾನ. ಮೂರಕ್ಕೂ ಅವಳ ಉತ್ತರ ಒಂದೇ: "ಇದು ರಾಕ್ ಸಂಗೀತವೋ, ಜೋಗುಳವೋ?" ಅವನು ಬಿಡುತ್ತಾನೆಯೇ? "ಮೊದಲು ಚಿತ್ರ ಕತ್ತರಿಸೋದು ಕಲೀರಿ. ನಿಮ್ಮದು ಎಡಿಟಿಂಗ್ ಅಲ್ಲ, ಕ್ಷೌರ."

ಮನೆಯಲ್ಲಿ ಅಕ್ಕನಿಗೆ ಕೇಳಿ ಕೇಳಿ ಸಾಕಾಯಿತು. "ಊಟಕ್ಕೆ ಉಪ್ಪಿನಕಾಯಿ ಬೇಡ ನಿಂಗೆ, ಅವನನ್ನ ಬೈದ್ರೆ ಸಾಕು. ಬೈಯೋಕಾದ್ರೂ ನೆನೆಸ್ಕೋಬೇಕಲ್ಲೇ?"

"ನೀನು ಸುಮ್ನಿರಕ್ಕ."

ಆರನೆಯ ದಿನ ಅವನ ಫೋನ್ ಬಂತು. "ಆ ದರಿದ್ರ ಟೆಂಪ್ ಟ್ರ್ಯಾಕ್ ಕಳಿಸಿ. ಅದರ ಲಯ ಅಳೆದು ನೋಡ್ತೀನಿ."

ಸಿಟ್ಟಿನಲ್ಲೇ ಕಳಿಸಿದಳು. ಯಾವ ತುಣುಕನ್ನೇ ಕಳಿಸಲಿ, ಮುಂದೆ ಕೆಲಸ ಮಾಡುವವರ ಅನುಕೂಲಕ್ಕೆ ಕೊನೆಯಲ್ಲಿ ಹತ್ತು ಸೆಕೆಂಡ್ ಹೆಚ್ಚಿಗೆ ಬಿಟ್ಟು ಕಳಿಸುವುದು ಅವಳ ಕೋಣೆಯ ಪದ್ಧತಿ. ಅದನ್ನು ಬಾಲ ಎನ್ನುತ್ತಿದ್ದರು. ವರ್ಷಗಳ ಅಭ್ಯಾಸ, ತಲೆಯನ್ನು ಕೇಳದೆ ಕೈ ಬಾಲ ಬಿಟ್ಟಿತು. ಆ ಬಾಲದಲ್ಲಿ ಏನಿದೆ ಎಂಬುದು ಅವಳಿಗೆ ನೆನಪಾದದ್ದು ಫೈಲ್ ಹೋದ ಮೇಲೆ.

ಗಿಟಾರ್ ನಿಂತೊಡನೆ ಒಬ್ಬ ಹುಡುಗಿ ಬಿದ್ದು ಬಿದ್ದು ನಗುತ್ತಾಳೆ. "ಸಾಕು ನಿಲ್ಸೋ, ಕೆಳಗಿನ ಮನೆಯೋರು ಪೊಲೀಸರನ್ನ ಕರೀತಾರೆ!" ಹುಡುಗ ಹೇಳುತ್ತಾನೆ: "ಕರೀಲಿ. ಜೈಲಲ್ಲೂ ನೀನೇ ಪಕ್ಕದಲ್ಲಿ ಕೂರ್ಬೇಕು."

ಮರುದಿನ ಮಧ್ಯಾಹ್ನ ಗುಡುಗು ಬಾಗಿಲು ತಟ್ಟದೆ ಎಡಿಟಿಂಗ್ ಕೋಣೆಗೆ ನುಗ್ಗಿದ. ಹೆಗಲಲ್ಲಿ ಗಿಟಾರ್, ಮುಖ ಕೆಂಡ.

"ನನ್ನ ಗಿಟಾರನ್ನ ನನ್ನ ಬಾಯಲ್ಲೇ ಬೈಸಿ ತಮಾಷೆ ನೋಡ್ತಿದ್ಯಾ?"

"ನಾನೇನು ನಿನ್ನ ಬಾಯಿ ಹಿಡ್ಕೊಂಡು ಬೈಸಿದ್ನಾ?" ಅವಳು ಕುರ್ಚಿಯಿಂದ ಎದ್ದಳು. "ಮೂರು ತಿಂಗಳು ಟೂರ್ ಅಂತ ಹೋದೋನು ನೀನು. ಫೋನಲ್ಲಿ 'ಕಾಯಬೇಡ' ಅಂದ್ಯಲ್ಲ, ಸರಿ, ಕಾಯ್ಲಿಲ್ಲ. ಮದುವೆ ಆದೆ, ಅದು ಮುರಿದೂ ಬಿತ್ತು. ಯಾವುದಕ್ಕೂ ನಿನ್ನನ್ನ ಕೇಳ್ಲಿಲ್ಲ. ಆದ್ರೆ ಅವತ್ತು ಎಲ್ಲರ ಮುಂದೆ 'ಯಾರು ಇವನು' ಅಂದೆ ನೋಡು, ಆಗ ಗೊತ್ತಾಯ್ತು. ಅಷ್ಟು ವರ್ಷ ನಾನೊಬ್ಬಳೇ ಮೂರ್ಖಳ ಥರ ಎಲ್ಲಾನೂ ಜೋಪಾನ ಮಾಡ್ಕೊಂಡಿದ್ದೆ ಅಂತ."

ಅವನು ಸ್ಟೂಲ್ ಎಳೆದು ಕೂತ. ದನಿ ಇಳಿಯಿತು.

"ನನ್ನ ಕೈ ನಂಗೆ ಗುರುತು ಸಿಗ್ಲಿಲ್ಲ, ನಿಜ. ಆದ್ರೆ ಕೊನೇಲಿ ನೀನು ನಕ್ಕೆ. ಆ ನಗು ಪೂರ್ತಿ ಆಗೋಕೆ ಮುಂಚೆ ನಂಗೆ ಆ ಕೋಣೆ, ಆ ಕಿಟಕಿ, ನೀನು ಉಟ್ಟಿದ್ದ ಹಳದಿ ಸೀರೆ, ಎಲ್ಲಾ ಬಂತು."

"ಡೈಲಾಗ್ ಚೆನ್ನಾಗಿದೆ. ಯಾವ ಸಿನಿಮಾಗೆ ಬರೆದಿದ್ದು?"

ಅವನು ಎಡಗೈ ಚಾಚಿದ. ಎರಡು ಬೆರಳಿನ ಗೆಣ್ಣು ಊದಿಕೊಂಡಿತ್ತು. ಮಡಿಸಲು ನೋಡಿದ, ಅರ್ಧಕ್ಕೆ ನಿಂತವು.

"ಎರಡು ವರ್ಷ ಆಯ್ತು. ಅವತ್ತು ಪ್ರಿವ್ಯೂನಲ್ಲಿ ನಂಗೆ ಹೊಟ್ಟೆ ಉರೀತು. ಯಾರೋ ಹುಡುಗ, ನನ್ನ ಕೈಲಿ ಆಗದ್ದನ್ನ ಸಲೀಸಾಗಿ ಬಾರಿಸ್ತಿದ್ದಾನಲ್ಲ ಅಂತ. ಕುಣಿಯೋಕೆ ಬರದೋಳಿಗೆ ನೆಲ ಡೊಂಕು. ಅದಕ್ಕೇ ಬೈದೆ. ಈಗ ಡೈರೆಕ್ಟರಿಗೆ ಹೇಳಿದ್ರೆ ನಾಳೆಯಿಂದ ಬೇರೆಯವರು ಬರ್ತಾರೆ. ಹೇಳೋದಿದ್ರೆ ಹೇಳು."

ಮೂರು ಸಲ ಜೋಗುಳ ಎಂದು ಬರೆದದ್ದು ಅವಳಿಗೆ ನೆನಪಾಯಿತು. ನಾಚಿಕೆಯಿಂದ ತಲೆ ತಗ್ಗಿತು. ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಬೆರಳು ಬೆಚ್ಚಗಿತ್ತು.

"ಡಾಕ್ಟರಿಗೆ ತೋರಿಸಿದ್ಯಾ?"

"ವಯಸ್ಸಾಯ್ತು ಅಂದ್ರು."

"ಅದನ್ನ ಹೇಳೋಕೆ ಡಾಕ್ಟರ್ ಬೇಕಾ? ನನ್ನ ಕೇಳಿದ್ರೆ ಸಾಕಿತ್ತು."

ಅವನು ನಕ್ಕ. ಅವಳು ನಗದಿರಲು ತುಂಬ ಪ್ರಯತ್ನಪಟ್ಟಳು, ಆಗಲಿಲ್ಲ.

"ಕೂತ್ಕೋ," ಎಂದು ಕೊನೆಯ ದೃಶ್ಯ ತೆರೆದಳು. "ನಿನ್ನ ಕೈ ಎಷ್ಟು ಓಡುತ್ತೋ ಅಷ್ಟರಲ್ಲೇ ಬಾರಿಸು."

ಬಾರಿಸಿದ. ನೋಯುವ ಬೆರಳು ಒಂದೊಂದು ಸ್ವರದ ಮೇಲೂ ತಡೆದು ತಡೆದು ಇಳಿಯುತ್ತಿತ್ತು. ಪರದೆಯ ಮೇಲಿನ ದೃಶ್ಯ ಮುಗಿದುಹೋಯಿತು, ಅವನ ರಾಗ ಇನ್ನೂ ಬಾಕಿ ಇತ್ತು.

"ನೋಡಿದ್ಯಾ? ಸಾಲಲ್ಲ," ಎಂದು ಗಿಟಾರ್ ಕೆಳಗಿಡಲು ಹೋದ.

"ಯಾರು ನಿಲ್ಸು ಅಂದ್ರು ನಿಂಗೆ?"

ಅವಳು ಬೇಡವೆಂದು ಎತ್ತಿಟ್ಟಿದ್ದ ಶಾಟುಗಳನ್ನೆಲ್ಲ ಮತ್ತೆ ತೆರೆದಳು. ಹೆಂಡತಿಯನ್ನು ಗುರುತಿಸದ ಆ ಹುಡುಗ ಒಂದು ಗಳಿಗೆ ನೋಡಿ ಮುಖ ತಿರುಗಿಸುತ್ತಾನೆ, ಇಷ್ಟು ದಿನ ಅಲ್ಲಿಗೇ ಅವಳು ಕತ್ತರಿ ಹಾಕಿದ್ದಳು. ಅದರ ಮುಂದೆಯೂ ಕ್ಯಾಮೆರಾ ಓಡಿತ್ತು. ಹುಡುಗ ಮತ್ತೆ ತಿರುಗುತ್ತಾನೆ. ಯಾರೋ ನರೆಗೂದಲ ಹೆಂಗಸು, ಪರಿಚಯವಿಲ್ಲ, ಆದರೂ ಕಣ್ಣು ಕೀಳಲು ಆಗುತ್ತಿಲ್ಲ. ನೆನಪೆಲ್ಲ ಕಳೆದುಕೊಂಡವನು ಅವಳಿಗೇ ಹೊಸದಾಗಿ ಮರುಳಾಗುತ್ತಿದ್ದ. ಸಿಟ್ಟಿನಲ್ಲಿದ್ದಾಗ ಕತ್ತರಿಗೆ ಇದು ಕಂಡೇ ಇರಲಿಲ್ಲ.

ಅವಳು ಅದನ್ನು ಜೋಡಿಸಿದಳು. ಅವನು ಮತ್ತೆ ಬಾರಿಸಿದ. ಈ ಸಲ ರಾಗ ಮುಗಿಯುವವರೆಗೂ ಚಿತ್ರ ಕಾದಿತ್ತು.



"ಹನ್ನೊಂದು ಸೆಕೆಂಡ್ ಹೆಚ್ಚಿಗೆ ಕೊಟ್ಟಿದ್ದೀನಿ," ಎಂದಳು ಕಣ್ಣೊರೆಸಿಕೊಂಡು. "ಡೈರೆಕ್ಟರ್ ಜೊತೆ ಜಗಳ ನಾನು ಆಡ್ತೀನಿ. ನೀನು ಬಾಯಿ ಮುಚ್ಕೊಂಡು ಪಕ್ಕದಲ್ಲಿರು."

"ಹಾಗಾದ್ರೆ ಕೋಪ ಹೋಯ್ತಾ?"

"ಇಪ್ಪತ್ತೆಂಟು ವರ್ಷದ ಕೋಪ. ಒಂದು ಮಧ್ಯಾಹ್ನಕ್ಕೆ ಹೋಗುತ್ತಾ?"

"ಹೋಗೋದು ಬೇಡ. ನಂಗೆ ನೀನು ಬೇಕು ಕಣೇ, ಕೋಪದ ಸಮೇತ. ದಿನಾ ಇಷ್ಟಿಷ್ಟು ಬೈ. ನಾನು ಎಲ್ಲೂ ಹೋಗಲ್ಲ."

"ಮಾತು ಬಿಡು. ನಾಳೆ ಎಷ್ಟು ಗಂಟೆಗೆ ಬರ್ತೀಯ, ಅದನ್ನ ಹೇಳು ಮೊದಲು," ಎಂದಳು ಕತ್ತರಿ, ಅವನ ಊದಿದ ಬೆರಳನ್ನು ಮತ್ತೆ ಕೈಗೆತ್ತಿಕೊಂಡು.